ದವಡೆಯಲ್ಲಿ ಉಳಿದ ಭಯ

ಕಷ್ಟ ಬಂದಾಗ ಹಲ್ಲು ಕಚ್ಚಿ ಸಹಿಸಿಕೋ ಎನ್ನುತ್ತಾರೆ ಹಿರಿಯರು. ಕೊರೊನಾ ಕಾಲದಲ್ಲಿ ಎಷ್ಟೋ ಜನ ನಿಜವಾಗಿಯೂ ಹಾಗೇ ಮಾಡಿದರು, ಅದೂ ನಿದ್ದೆಯಲ್ಲಿ. ನೌಕರಿಯ ಚಿಂತೆ, ಆಸ್ಪತ್ರೆಯಲ್ಲಿದ್ದವರ ಚಿಂತೆ, ಯಾರಿಗೂ ಹೇಳದೆ ಅದುಮಿಟ್ಟ ಭಯ ರಾತ್ರಿ ಹೊತ್ತು ದವಡೆಗೆ ಇಳಿಯಿತು. ಹಲ್ಲು ಕಡಿಯುವವರು ಹೆಚ್ಚಾಗಿದ್ದಾರೆಂದು ಅಮೆರಿಕದ ದಂತವೈದ್ಯರ ಸಂಘದ 2021ರ ಸಮೀಕ್ಷೆಯಲ್ಲಿ ಶೇ 70ಕ್ಕೂ ಹೆಚ್ಚು ವೈದ್ಯರು ಹೇಳಿದರು. ಬಿರುಕು ಬಿಟ್ಟ, ಚಕ್ಕೆ ಎದ್ದ ಹಲ್ಲುಗಳೂ ಅವರಿಗೆ ಹೆಚ್ಚು ಕಂಡಿದ್ದವು.

ನಮ್ಮಲ್ಲಿ ಮಗು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳು ಇರಬೇಕೆಂದು ಔಷಧಿ ಕೊಡುತ್ತೇವೆ. ದೊಡ್ಡವರು ಕಡಿದರೆ ವಿಚಾರಿಸುವವರಿಲ್ಲ. ಬೆಳಗ್ಗೆ ಏಳುವಾಗ ಕೆನ್ನೆ ಬಿಗಿದಿರುತ್ತದೆ, ಕಣತಲೆ ಸಿಡಿಯುತ್ತದೆ, ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ. ತಲೆನೋವಿನ ಮಾತ್ರೆ ನುಂಗಿ ದಿನ ದೂಡುತ್ತಾರೆ.

ಹಲ್ಲಿನ ಡಾಕ್ಟರ ಬಳಿ ಹೋಗೋಣವೆಂದರೆ ಆಗ ಅಲ್ಲಿ ಇನ್ನೊಂದು ಭಯವಿತ್ತು. ಊರೆಲ್ಲ ಮಾಸ್ಕ್ ಹಾಕಿಕೊಂಡಿದ್ದಾಗ ಆ ಕುರ್ಚಿಯಲ್ಲಿ ಅದನ್ನು ತೆಗೆದು ಬಾಯಿ ತೆರೆಯಬೇಕಿತ್ತು. ಹುಳುಕು ಕೊರೆಯುವ ಏರೋಟರ್ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ತಣಿಸಲು ಚಿಮ್ಮಿಸುವ ನೀರು ಎಂಜಲಿನೊಂದಿಗೆ ಬೆರೆತು ಗಾಳಿಗೆ ಏಳುತ್ತದೆ. ಆ ತುಂತುರಿಗೆ ರೋಗಿ ಹೆದರಿದಷ್ಟೇ ವೈದ್ಯರೂ ಹೆದರಿದರು. ಪಿಪಿಇ ಕಿಟ್‌ನೊಳಗೆ ಬೆವರುತ್ತ ಕೆಲಸ ಮಾಡಿ, ಮನೆಯಲ್ಲಿರುವ ವಯಸ್ಸಾದ ತಂದೆ-ತಾಯಿಗೆ ಸೋಂಕು ಹೊತ್ತೊಯ್ಯುತ್ತಿದ್ದೇವೇನೋ ಎಂಬ ಅಳುಕಿನಲ್ಲಿ ಬದುಕಿದ ಆ ದಂತವೈದ್ಯರನ್ನು ನಾವು ಕೊರೊನಾ ವಾರಿಯರ್ ಎಂದು ನೆನೆದದ್ದು ಕಡಿಮೆ. ಅದು ಅನ್ಯಾಯ.

2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದೆಲ್ಲ ಮುಂದಕ್ಕೆ ಹೋಯಿತು. ಸೋಂಕು ಹರಡಿರುವಲ್ಲಿ ತುರ್ತಲ್ಲದ ಹಲ್ಲಿನ ಚಿಕಿತ್ಸೆ ಬೇಡವೆಂದು ಆ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ಸಲಹೆ ಸರಿಯಾದದ್ದೇ. ಆದರೆ ಕ್ಲಿನಿಕ್‌ಗಳು ತೆರೆದ ಮೇಲೂ ಜನರ ಹಿಂಜರಿಕೆ ಹೋಗಲಿಲ್ಲ. ಲವಂಗದ ಎಣ್ಣೆ, ಉಪ್ಪುನೀರು, ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೊಟಿಕ್. ಫಿಲ್ಲಿಂಗ್‌ನಲ್ಲಿ ಮುಗಿಯಬೇಕಿದ್ದದ್ದು ರೂಟ್ ಕೆನಾಲ್‌ಗೆ ಬಂತು, ಕೆಲವರಿಗೆ ಹಲ್ಲು ಕೀಳಿಸುವವರೆಗೂ ಹೋಯಿತು.

ಹೀಗೆ ತಡ ಮಾಡುವುದು ಪ್ರಾಣಕ್ಕೇ ಎರವಾಗಬಹುದೆಂದು ತೋರಿಸಿದ್ದು 2021ರ ಕಪ್ಪು ಶಿಲೀಂಧ್ರ. ಕೋವಿಡ್‌ನಿಂದ ಎದ್ದ ಕೆಲವರಿಗೆ, ಮುಖ್ಯವಾಗಿ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದವರಿಗೆ, ಸ್ಟೆರಾಯ್ಡ್ ಪಡೆದವರಿಗೆ, ಮೇಲ್ದವಡೆಯ ಹಲ್ಲು ಅಲುಗಾಡುವುದು, ವಸಡಿನಲ್ಲಿ ಕೀವು ಬರುವುದೇ ಅದರ ಮುನ್ಸೂಚನೆಯಾಗಿತ್ತು. ಬರಿ ಹಲ್ಲುನೋವೆಂದು ಮನೆಯಲ್ಲೇ ಕೂರುವ ರೋಗವಲ್ಲ ಅದು.

ಮತ್ತೆ ಹಲ್ಲು ಕಡಿತಕ್ಕೆ ಬಂದರೆ, ಹಲ್ಲು ನೋಡುವವರು ನಿದ್ದೆಯ ಬಗ್ಗೆಯೂ ಒಂದು ಮಾತು ಕೇಳಬೇಕು. ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಗಾರ್ಡ್ ಹಲ್ಲು ಸವೆಯುವುದನ್ನು ತಡೆಯುತ್ತದೆ, ಚಿಂತೆಯನ್ನು ತಡೆಯದು. ಬೆಳಗ್ಗೆ ದವಡೆ ನೋಯುತ್ತಿದ್ದರೆ ದಯವಿಟ್ಟು ಒಮ್ಮೆ ತೋರಿಸಿ. ಮನಸ್ಸೇ ಭಾರವಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.