ಉಸಿರಿಗೆ ಸಿಕ್ಕಿದ ಧೂಳು

ಕೋಲಾರದ ಗಣಿಯೆಂದೊಡನೆ ಕಣ್ಣಿಗೆ ಕಟ್ಟುವುದು ಚಿನ್ನವೇ ಹೊರತು ಧೂಳಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಅಲ್ಲಿ ಚಿನ್ನಕ್ಕಿಂತ ಧೂಳೇ ಹೆಚ್ಚಾಗಿ ಉತ್ಪನ್ನವಾಯಿತೆನ್ನಬೇಕು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ದೊರೆತ ಚಿನ್ನ ಸುಮಾರು 800 ಟನ್. ಅದಕ್ಕಾಗಿ ಪುಡಿಯಾದ ಕಲ್ಲು ಕೋಟಿಗಟ್ಟಲೆ ಟನ್. ಆ ಪುಡಿಯೇ ಊರಿನ ಅಂಚಿನಲ್ಲಿ ಬೂದಿಬಣ್ಣದ ದಿಬ್ಬಗಳಾಗಿ ಇಂದಿಗೂ ನಿಂತಿದೆ.

ಮೂರು ಕಿಲೋಮೀಟರಿಗೂ ಮೀರಿದ ಆಳದಲ್ಲಿ ಬೆಣಚುಕಲ್ಲನ್ನು ಕೊರೆಯುತ್ತಿದ್ದ ಕಾರ್ಮಿಕನಿಗೆ ಚಿನ್ನ ಕಂಡದ್ದು ಅಪರೂಪ. ಸಿಲಿಕಾ ಧೂಳು ಮಾತ್ರ ಪ್ರತಿ ಉಸಿರಿನಲ್ಲಿಯೂ ಒಳಸೇರಿತು. ಮೊದಲು ಒಣ ಕೆಮ್ಮು, ಬಳಿಕ ಏದುಸಿರು, ಕೊನೆಗೆ ನಾಲ್ಕು ಮೆಟ್ಟಿಲು ಹತ್ತಲಾರದ ಸ್ಥಿತಿ. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಮೈಸೂರು ಸರಕಾರ 1940ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ನಿಯಮಗಳನ್ನು ರಚಿಸಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗದ ಗುರುತು ಕಂಡಿತು. ಗಣಿ ಆರಂಭವಾಗಿ ಆಗಲೇ ಅರವತ್ತು ವರ್ಷ! ಎಷ್ಟು ಮನೆಗಳ ದೀಪ ಅಷ್ಟರೊಳಗೆ ಆರಿತ್ತೋ!

ಕಲ್ಲಿನ ಪುಡಿ ಕೊಲ್ಲುವುದಾದರೂ ಹೇಗೆ? ದಪ್ಪ ಧೂಳನ್ನು ಮೂಗು ಮತ್ತು ಗಂಟಲು ತಡೆಯುತ್ತವೆ. ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿಗಿಂತ ಕಿರಿದಾದ ಕಣ ಮಾತ್ರ ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಮುಟ್ಟುತ್ತದೆ. ಅಲ್ಲಿ ಕಾವಲಿರುವ ಭಕ್ಷಕಕೋಶ ಅದನ್ನು ನುಂಗುತ್ತದೆ. ಅರಗಿಸಲಾರದೆ ತಾನೇ ಒಡೆಯುತ್ತದೆ. ಹೊರಬಿದ್ದ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ. ಉರಿಯೂತ ಮುಂದುವರಿದು, ಮೃದುವಾದ ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗುತ್ತದೆ. ಗಣಿಯ ಕೆಲಸ ಬಿಟ್ಟ ಮೇಲೂ ಈ ಕ್ರಿಯೆ ನಿಲ್ಲದಿರುವುದುಂಟು.

ಈ ಹಳೆಯ ಕಥೆಯನ್ನು ನೆನೆಯಲು ಈಗ ಹೊಸ ಕಾರಣವೊಂದಿದೆ. ಮನುಷ್ಯನು ಇನ್ನೂ ಕಿರಿದಾದ ಧೂಳನ್ನು ಬೇಕೆಂದೇ ತಯಾರಿಸುತ್ತಿದ್ದಾನೆ. ಬಿಸಿಲಿನ ಲೇಪದಲ್ಲಿ ಸತುವಿನ ಆಕ್ಸೈಡ್, ಗಾಯದ ಪಟ್ಟಿಯಲ್ಲಿ ಬೆಳ್ಳಿ, ಬಣ್ಣಗಳಲ್ಲಿ ಟೈಟಾನಿಯಮ್ ಡಯಾಕ್ಸೈಡ್: ಇವುಗಳ ಕಣಗಳನ್ನು ನ್ಯಾನೊಮೀಟರಿನಲ್ಲಿ, ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ಅಳೆಯುತ್ತಾರೆ. ಒಂದು ಘನ ಸೆಂಟಿಮೀಟರ್ ಚಿನ್ನದ ತೂಕ 19 ಗ್ರಾಂ, ಹೊರಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ತುಣುಕುಗಳಾಗಿ ಕತ್ತರಿಸಿದರೆ ಹೊರಮೈ 600 ಚದರ ಮೀಟರ್; ಬೆಂಗಳೂರಿನ ಮೂವತ್ತು-ನಲವತ್ತರ ಐದು ನಿವೇಶನಗಳಷ್ಟು! ಕೋಶಕ್ಕೆ ತಾಗುವುದು ಈ ಹೊರಮೈಯೇ.

ಲೇಪವನ್ನು ಮೈಗೆ ಹಚ್ಚಿಕೊಳ್ಳುವವರಿಗಿಂತ, ಒಣ ಪುಡಿಯನ್ನು ಸುರಿದು ತುಂಬುವ ಕಾರ್ಖಾನೆಯ ಕೆಲಸಗಾರನ ಬಗೆಗೇ ಹೆಚ್ಚಿನ ಚಿಂತೆ. ಆದುದರಿಂದ ವಿಜ್ಞಾನಿಗಳು ಮಾನವ ಶ್ವಾಸಕೋಶದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವುಗಳ ಮೇಲೆ ಇಂಥ ಕಣಗಳನ್ನು ಬಿಟ್ಟು ನೋಡುತ್ತಾರೆ. ಹೀಗೆ ಬಳಕೆಯಲ್ಲಿರುವ ‘ಎ-549’ ಎಂಬ ಕೋಶವಂಶ 1972ರಲ್ಲಿ ರೋಗಿಯೊಬ್ಬನ ಶ್ವಾಸಕೋಶದ ಗಡ್ಡೆಯಿಂದ ಪಡೆದದ್ದು. ಬಳಿಕ ತಟ್ಟೆಗೆ ಹಳದಿ ಬಣ್ಣವೊಂದನ್ನು ಹಾಕುತ್ತಾರೆ. ಜೀವವಿರುವ ಕೋಶ ಅದನ್ನು ನೇರಳೆಯಾಗಿಸುತ್ತದೆ. ನೇರಳೆ ತಿಳಿಯಾದಷ್ಟೂ ಸಾವು ಹೆಚ್ಚೆಂದು ಅರ್ಥ.

ಇಂಥ ಪರೀಕ್ಷೆಗಳಲ್ಲಿ ತಾಮ್ರ ಮತ್ತು ಸತುವಿನ ಆಕ್ಸೈಡುಗಳು ಸಾಮಾನ್ಯವಾಗಿ ಉಗ್ರವೆನಿಸಿವೆ. ಕೋಶದೊಳಗಿನ ಆಮ್ಲದಲ್ಲಿ ಅವು ಕರಗಿ, ಲೋಹದ ಅಯಾನುಗಳನ್ನು ಒಮ್ಮೆಲೇ ಬಿಡುಗಡೆ ಮಾಡುತ್ತವೆ. ಚಿನ್ನವೋ, ಬಹುಮಟ್ಟಿಗೆ ಸಾಧು. ಕೋಲಾರದ ಜನ ಅಗೆದ ಲೋಹ ನಿರಪಾಯ, ಅದನ್ನು ಹೊತ್ತ ಕಲ್ಲು ಮೃತ್ಯು! ಆದರೆ ಸಾಧುವಾದ ಆ ಚಿನ್ನವೂ ಒಂದೂವರೆ ನ್ಯಾನೊಮೀಟರಿನಷ್ಟು ಕಿರಿದಾದಾಗ ಕೋಶಗಳನ್ನು ಕೊಂದದ್ದುಂಟು. ಲೋಹದ ಹೆಸರನ್ನಷ್ಟೇ ಕೇಳಿ ಧೈರ್ಯ ತಾಳುವಂತಿಲ್ಲ. ಗಾತ್ರ, ಕರಗುವ ಗುಣ, ಮೇಲಿನ ಲೇಪ ಎಲ್ಲವನ್ನೂ ವಿಚಾರಿಸಬೇಕು.

ತಟ್ಟೆಯ ಕೋಶವೇ ಮನುಷ್ಯನಲ್ಲವೆಂಬುದೂ ನಿಜ. ಕಣಗಳು ಕೆಲವೊಮ್ಮೆ ಬಣ್ಣದ ಪರೀಕ್ಷೆಯನ್ನೇ ಕೆಡಿಸಿ ಸುಳ್ಳು ಫಲ ತೋರಿಸುತ್ತವೆ. ತಟ್ಟೆಗೆ ಸುರಿಯುವ ಪ್ರಮಾಣ ಉಸಿರಿನಲ್ಲಿ ಬರುವುದಕ್ಕಿಂತ ಎಷ್ಟೋ ಪಾಲು ಅಧಿಕವಾಗಿರಬಹುದು. ಆದರೂ ಅರವತ್ತು ವರ್ಷ ಕಾದು ರೋಗಿಗಳನ್ನು ಎಣಿಸುವುದಕ್ಕಿಂತ ಎರಡು ದಿನ ಕಾದು ಕೋಶಗಳನ್ನು ಎಣಿಸುವುದು ಎಷ್ಟೋ ಮೇಲಲ್ಲವೆ?

ಹಳೆಯ ಧೂಳಿನ ಕಥೆಯೂ ಮುಗಿದಿಲ್ಲ. ಮಾಲೂರಿನ ಬಳಿಯ ಟೇಕಲ್ ಕಲ್ಲುಕುಟಿಗರ ಊರೆಂದೇ ಪ್ರಸಿದ್ಧ. ಉಳಿಯ ಪ್ರತಿ ಏಟಿಗೂ ಏಳುವ ಧೂಳಿಗೆ ಮೂಗಿಗೆ ಕಟ್ಟಿದ ಟವಲು ತಡೆಯಾಗದು. ಕಲ್ಲಿನ ಮೇಲೆ ನೀರು ಹಾಯಿಸಿ ಧೂಳೇಳದಂತೆ ಮಾಡುವುದೇ ಮೊದಲ ರಕ್ಷಣೆ. ಇತ್ತ ಗಣಿಯ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆಯಿತ್ತಿತು. ಹದಿಮೂರು ದಿಬ್ಬಗಳು, ಸಾವಿರ ಎಕರೆಗೂ ಮೀರಿದ ನೆಲ. ಅವುಗಳನ್ನು ಕೆದಕುವ ಮುನ್ನ ಎಷ್ಟು ನೀರು ಚಿಮುಕಿಸಲಾಗುವುದು, ಊರಿನ ಗಾಳಿಯನ್ನು ಯಾರು ಅಳೆಯುವರು ಎಂದು ದಿಬ್ಬದ ನೆರಳಿನಲ್ಲಿ ಬಾಳುವವರು ಕೇಳಿದರೆ ಅದು ನ್ಯಾಯವೇ.