‘ಥೋಲ್’: ತಾಳುವುದೋ, ಹೊರುವುದೋ?

ಕ್ರಿಸ್ತರ ಪಾಡುಗಳನ್ನು ಸೂಚಿಸುವ ‘ಪ್ಯಾಷನ್’ ಎಂಬ ಇಂಗ್ಲಿಷ್ ಪದ ಲತೀನಿನ ‘ಪಾಸ್ಸಿಯೊ’ದಿಂದ ಬಂದುದು. ಅದು ಬೇರೂರುವ ಮೊದಲೇ ಆ ಭಾಷೆಗೆ ಯಾತನೆಯನ್ನು ಹೇಳುವ ಸ್ವಂತ ಪದಗಳಿದ್ದವು. ಅವುಗಳಲ್ಲೊಂದು ‘ಥೋಲ್’. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಥೊಲಿಯನ್’. ನೋವನ್ನು ಅನುಭವಿಸು, ತಾಳಿಕೊ ಎಂಬುದು ಅರ್ಥ. ‘ಬೇವುಲ್ಫ್’ ಕಾವ್ಯದಲ್ಲಿ ಇದು ಬಳಕೆಯಾಗಿದೆ. ಆ ಕಾವ್ಯವನ್ನು ಅನುವಾದಿಸಿದ ಕವಿ ಸೀಮಸ್ ಹೀನಿ, ಉತ್ತರ ಐರ್ಲೆಂಡಿನ ತಮ್ಮ ಹಿರಿಯರ ಆಡುಮಾತಿನಲ್ಲಿ ಕೇಳಿದ್ದ ಪದವನ್ನೇ ಅಲ್ಲಿ ಗುರುತಿಸಿದರು. ಸ್ಕಾಟ್ಲೆಂಡಿನಲ್ಲಿಯೂ ಅದು ಉಳಿದುಕೊಂಡಿದೆ.

ಎತ್ತು, ಹೊರು, ತೂಗು ಎಂಬ ಅರ್ಥದ ಪ್ರಾಚೀನ ಇಂಡೋ-ಯೂರೋಪಿಯನ್ ಧಾತುವೇ ಇದರ ಮೂಲ. ತಾಳ್ಮೆಯನ್ನು ಹೇಳುವ ಜರ್ಮನಿನ ‘ಗೆಡುಲ್ಡ್’, ಲತೀನಿನ ‘ತೊಲೆರಾರೆ’, ‘ತೊಲ್ಲೆರೆ’, ತಕ್ಕಡಿಯೆಂಬ ಅರ್ಥದ ಸಂಸ್ಕೃತದ ‘ತುಲಾ’ ಇದೇ ಕುಲದವು. ನಮ್ಮ ‘ತಾಳು’ ಮಾತ್ರ ದ್ರಾವಿಡ ಮೂಲದ್ದು. ಧ್ವನಿಸಾಮ್ಯವನ್ನು ನಾವು ಬಂಧುತ್ವವೆಂದು ಎಣಿಸಬಾರದು.

ಯೊವಾನ್ನರ ಶುಭಸಂದೇಶದಲ್ಲಿ (1:29) ದೇವರ ಕುರಿಮರಿ ಲೋಕದ ಪಾಪವನ್ನು ನಿವಾರಿಸುವುದನ್ನು ಹೇಳಲು ಲತೀನ್ ಬೈಬಲು ಬಳಸುವುದು ಈ ‘ತೊಲ್ಲೆರೆ’ಯನ್ನೇ. ಆದರೆ ಪದಮೂಲದಿಂದ ಸಿದ್ಧಾಂತವನ್ನು ಕಟ್ಟುವುದು ಸಲ್ಲದೆಂದು ಜೇಮ್ಸ್ ಬಾರ್ 1961ರಲ್ಲಿಯೇ ಎಚ್ಚರಿಸಿದ್ದಾರೆ. ಆದ್ದರಿಂದ ನಮ್ಮ ಆಧಾರ ಗ್ರೀಕ್ ಮೂಲಪಾಠ: ಅಲ್ಲಿನ ‘ಐರೋ’ ಎಂಬ ಕ್ರಿಯಾಪದಕ್ಕೂ ಎತ್ತು, ಎತ್ತಿ ಒಯ್ಯು ಎಂಬ ಅರ್ಥಗಳಿವೆ. ಕ್ರಿಸ್ತರು ಯಾತನೆಗೆ ಸುಮ್ಮನೆ ಒಳಗಾದವರಲ್ಲ, ಪರರ ಭಾರವನ್ನು ತಾವೇ ಎತ್ತಿಕೊಂಡವರು.

ಸ್ಕಾಟ್ಲೆಂಡಿನ ನ್ಯಾಯಶಾಸ್ತ್ರದಲ್ಲಿ, ಒಮ್ಮೆ ವಿಚಾರಣೆಗೆ ಒಳಗಾಗಿ ತೀರ್ಪು ಪಡೆದವನು ತನ್ನ ವಿಚಾರಣೆಯನ್ನು ‘ಥೋಲ್’ ಮಾಡಿದವನು; ಅದೇ ಅಪರಾಧಕ್ಕಾಗಿ ಅವನನ್ನು ಸಾಮಾನ್ಯವಾಗಿ ಮತ್ತೆ ವಿಚಾರಿಸುವಂತಿಲ್ಲ. ಕ್ರಿಸ್ತರ ಬಲಿಯರ್ಪಣೆ ಒಮ್ಮೆಗೇ ಪೂರ್ಣವಾದುದೆಂಬ ಹಿಬ್ರಿಯರಿಗೆ ಬರೆದ ಪತ್ರದ ಬೋಧನೆಯನ್ನು ವಿವರಿಸಲು ಇದೊಂದು ಉಪಯುಕ್ತ ಹೋಲಿಕೆ. ಹೋಲಿಕೆ ಮಾತ್ರ, ಪ್ರಮಾಣವಲ್ಲ.

ಈ ವಿವೇಚನೆ ಪಾಲನಾ ಸೇವೆಗೆ ಮುಟ್ಟಲೇಬೇಕು. ಗಂಡನ ಹೊಡೆತಕ್ಕೆ ನಲುಗಿ ಬಂದ ಹೆಣ್ಣುಮಗಳಿಗೆ “ಶಿಲುಬೆಯೆಂದು ತಾಳಿಕೊಳ್ಳಮ್ಮ” ಎಂದು ಹೇಳಿ ಕಳುಹಿಸುವ ಯಾಜಕನು ಆಕೆಯ ಭಾರವನ್ನು ಎತ್ತಲಿಲ್ಲ. ತನ್ನದೊಂದನ್ನು ಅದರ ಮೇಲೆ ಹೇರಿದನು. ಒಬ್ಬರ ಭಾರವನ್ನು ಮತ್ತೊಬ್ಬರು ಹೊರಬೇಕೆಂದು ಪೌಲರು ಗಲಾತ್ಯರಿಗೆ ಬರೆದರು. ತಾಳ್ಮೆಯನ್ನು ಬೋಧಿಸುವ ಮುನ್ನ ನಾವು ಹೆಗಲು ಕೊಡಬೇಕು: ಆಕೆಗೆ ಸುರಕ್ಷಿತ ನೆಲೆಯನ್ನೂ ನ್ಯಾಯದ ದಾರಿಯನ್ನೂ ಒದಗಿಸಬೇಕು.