ಗ್ರಂಥಿ ತೆಗೆದ ಮೇಲೆ ಟಿಎಸ್‌ಎಚ್ ಓದುವುದು ಹೇಗೆ?

ಮಂಗಳೂರಿನ ಅತ್ತಾವರ, ಕಂಕನಾಡಿಯ ಆಸ್ಪತ್ರೆಗಳ ಆಸುಪಾಸಿನ ಲ್ಯಾಬುಗಳಿಗೆ ಬೆಳಿಗ್ಗೆಯೇ ರಕ್ತ ಕೊಡಲು ಬರುವವರಲ್ಲಿ ಥೈರಾಯ್ಡ್ ಆಪರೇಷನ್ ಆದವರೂ ಇರುತ್ತಾರೆ. ರಿಪೋರ್ಟಿನಲ್ಲಿ ಟಿಎಸ್‌ಎಚ್ 0.08 ಎಂದಿದ್ದು, ಪಕ್ಕದಲ್ಲಿ ಕಡಿಮೆ ಎಂಬ ಗುರುತು ಬಿದ್ದಿದ್ದರೆ ಮನೆಮಂದಿಗೆಲ್ಲ ಗಾಬರಿ. ಈ ಅಂಕಿಯ ಅರ್ಥ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1883ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಶಸ್ತ್ರವೈದ್ಯ ಥಿಯೋಡರ್ ಕೋಖರ್ ತಾವು ಗಳಗಂಡಕ್ಕೆಂದು ಇಡೀ ಥೈರಾಯ್ಡ್ ತೆಗೆದಿದ್ದ ರೋಗಿಗಳು ಆಮೇಲೆ ಏನಾದರೆಂದು ವರದಿ ಮಾಡಿದರು. ಗಾಯವೇನೋ ಮಾಗಿತ್ತು. ಆದರೆ ಹಲವರ ಮುಖ ಊದಿತ್ತು, ಮಾತು ನಿಧಾನವಾಗಿತ್ತು, ಬುದ್ಧಿ ಮಂಕಾಗಿತ್ತು. ತಮ್ಮ ಕತ್ತರಿಯಿಂದಲೇ ಆದ ಕೆಡುಕನ್ನು ಮುಚ್ಚಿಡದೆ ಬರೆದ ಆ ಪ್ರಾಮಾಣಿಕತೆ ನನಗೆ ಅವರ 1909ರ ನೊಬೆಲ್‌ಗಿಂತ ದೊಡ್ಡದಾಗಿ ಕಾಣುತ್ತದೆ.

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚುಮದ್ದಾಗಿ ಕೊಟ್ಟ, ಥೈರಾಯ್ಡ್ ಕುಂದಿದ್ದ ಮಹಿಳೆ ಮತ್ತೆ 28 ವರ್ಷ ಬದುಕಿದರು. ಮದ್ದು ಸಿಕ್ಕಿತು, ಅಳತೆ ಸಿಗಲಿಲ್ಲ. ನಾಡಿ, ತೂಕ, ಚರ್ಮ ನೋಡಿ ಡೋಸು ಅಂದಾಜು ಮಾಡುವ ಕಾಲ ಬಹಳ ದಿನ ನಡೆಯಿತು. ವಿಜ್ಞಾನಿಗಳಾದ ರೋಸಲಿನ್ ಯಾಲೋ, ಸಾಲೊಮನ್ ಬರ್ಸನ್ ಇನ್ಸುಲಿನ್‌ಗೆಂದು ರೂಪಿಸಿದ ಅಳತೆಯ ವಿಧಾನ 1960ರ ದಶಕದಲ್ಲಿ ಟಿಎಸ್‌ಎಚ್‌ಗೂ ಬಂತು.

ಟಿಎಸ್‌ಎಚ್ ಬರುವುದು ಮೆದುಳಿನ ಬುಡದ ಪಿಟ್ಯುಟರಿಯಿಂದ. ಥೈರಾಯ್ಡ್‌ನ ಹಾರ್ಮೋನಾದ ಥೈರಾಕ್ಸಿನ್ ಕೊರತೆಯಾದರೆ ಅದು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಥೈರಾಯ್ಡ್ ಹೋದರೂ, ಮಾತ್ರೆಯಾಗಿ ನುಂಗುವ ಥೈರಾಕ್ಸಿನ್‌ನ ಲೆಕ್ಕವನ್ನು ಪಿಟ್ಯುಟರಿ ಇಡುತ್ತಲೇ ಇರುತ್ತದೆ. ಮೊದಮೊದಲ ಟೆಸ್ಟುಗಳು ಏರಿದ್ದನ್ನಷ್ಟೇ ಹಿಡಿಯುತ್ತಿದ್ದವು; 0.08ರಂಥ ಅಂಕಿ ಕಣ್ಣಿಗೆ ಬಿದ್ದದ್ದು ಅವು ಇನ್ನಷ್ಟು ಸೂಕ್ಷ್ಮವಾದ ಮೇಲೆ.

ಸುಮಾರು 0.4ರಿಂದ 4 ಎಂದು ರಿಪೋರ್ಟಿನಲ್ಲಿ ಅಚ್ಚಾಗಿರುವುದು ಆರೋಗ್ಯವಂತರ ಮಿತಿ. ಥೈರಾಯ್ಡ್ ಕ್ಯಾನ್ಸರ್ ಮರುಕಳಿಸುವ ಅಪಾಯ ಹೆಚ್ಚಿದ್ದವರಲ್ಲಿ, ಉಳಿದ ಕ್ಯಾನ್ಸರ್ ಕೋಶಗಳಿಗೆ ಟಿಎಸ್‌ಎಚ್ ಚುರುಕು ಕೊಡದಿರಲೆಂದು ವೈದ್ಯರು ಬೇಕೆಂದೇ ಅದನ್ನು 0.1ಕ್ಕಿಂತ ಕೆಳಗಿಡುತ್ತಾರೆ. ಬರೀ ಗಳಗಂಡಕ್ಕೆ ಆಪರೇಷನ್ ಆದವರಲ್ಲಿ ಅದೇ 0.08 ಕಂಡರೆ ಮಾತ್ರೆ ಹೆಚ್ಚಾಗಿದೆ ಎಂದರ್ಥ. ಹೃದಯದ ಬಡಿತಕ್ಕೂ ಮೂಳೆಗೂ ಅದು ಒಳ್ಳೆಯದಲ್ಲ. ಆಪರೇಷನ್ ಯಾಕಾಯಿತು ಎಂಬ ಒಂದು ಸಾಲು ರಿಪೋರ್ಟಿನಲ್ಲೇ ಇದ್ದರೆ ಎಷ್ಟು ಮನೆಗಳ ನಿದ್ದೆ ಉಳಿದೀತು!

ಡೋಸು ಬದಲಾದ ಮಾರನೆಯ ವಾರವೇ ಲ್ಯಾಬಿಗೆ ಓಡುವುದರಲ್ಲಿ ಅರ್ಥವಿಲ್ಲ. ರಕ್ತದಲ್ಲಿ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹೊಸ ಡೋಸಿಗೆ ಟಿಎಸ್‌ಎಚ್ ನೆಲೆಗೊಳ್ಳಲು ಆರು ವಾರವಾದರೂ ಆಗಬೇಕು. ಥೈರಾಕ್ಸಿನ್ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟೇ ಚಾ, ನೀರುದೋಸೆ. ಆಪರೇಷನ್ ಆದ ಹಲವರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಬರೆದಿರುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ ನಾಲ್ಕು ಗಂಟೆಯ ಅಂತರ ಬೇಕೇ ಬೇಕು.